ಮಧ್ಯಾಹ್ನ ಎರಡಕ್ಕೆ ಬೆಳಗಾಗುವ ಮನೆ

ಎಂಟು ತಿಂಗಳು ತುಂಬಿದರೂ ಐದರಲ್ಲಿ ಒಂದು ಕೋಳಿಯೂ ಮೊಟ್ಟೆ ಇಟ್ಟಿರಲಿಲ್ಲ. ತಿನ್ನುವುದರಲ್ಲೇನೂ ಕಡಿಮೆಯಿಲ್ಲ ಬಿಡಿ. ಹಾಕಿದ ಕಾಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ತಿಂದಾದ ಮೇಲೆ ಹಿತ್ತಲಿನ ಮಣ್ಣು ಕೆದರಿ, ಒಣಹಾಕಿದ ಬಟ್ಟೆಗಳ ಕೆಳಗೆಲ್ಲ ಓಡಾಡಿ, ಸಂಜೆಯಾಗುತ್ತಲೇ ಭಾರೀ ಕೆಲಸ ಮುಗಿಸಿ ಬಂದವರ ಹಾಗೆ ಗೂಡು ಸೇರಿಬಿಡುತ್ತಿದ್ದವು. ಬನ್ನು, ಬ್ರೆಡ್ಡು, ಕೇಕು, ಬಿಸ್ಕತ್ತು, ರಸ್ಕು ಅಂತ ಅವಕ್ಕೆ ಹೆಸರು. ಹೆಸರಿಟ್ಟವನು ಆ ಮನೆಯಾಕೆಯ ಗಂಡ. ಬೇಕರಿಯ ಭಟ್ಟಿಯ ಮುಂದೆ ನಿಂತೇ ಆಯುಷ್ಯ ಕಳೆದವನಿಗೆ ಬೇರೆ ಯಾವ ಹೆಸರು ತಾನೇ ಹೊಳೆದೀತು!

ಅವಳನ್ನು ಬೀದಿಯವರು ಮೆಲ್ಲಗಮ್ಮ ಅನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೇನೂ ಬೇಸರವಿರಲಿಲ್ಲ. ಇಪ್ಪತ್ತೆರಡು ವರ್ಷ ಬಾಯಿ ತೆರೆದರೆ ‘ಮೆಲ್ಲಗೆ, ಮೆಲ್ಲಗೆ’ ಅಂತಲೇ ಅಂದವಳಿಗೆ ಇನ್ನೇನು ಹೆಸರು ಬಂದೀತು? ಗಂಡನದು ರಾತ್ರಿ ಪಾಳಿ. ಊರು ಏಳುವ ಹೊತ್ತಿಗೆ ಬ್ರೆಡ್ಡು ಬನ್ನು ಬೆಂದು ಅಂಗಡಿ ಸೇರಬೇಕಲ್ಲ. ಬೆಳಕು ಹರಿಯುವ ಮುಂಚೆ ಮನೆಗೆ ಬಂದು, ತೋಳಿಗೆ ಮೆತ್ತಿದ ಹಿಟ್ಟು ತೊಳೆದು, ಹಾಸಿಗೆಗೆ ಬಿದ್ದನೆಂದರೆ ಏಳುವುದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೆ ಆ ಮನೆಯಲ್ಲಿ ಒಂದು ಲೋಟ ಬಿದ್ದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಕರೆಗಂಟೆಯ ವೈರು ಕತ್ತರಿಸಿ ಎಷ್ಟೋ ವರ್ಷವಾಗಿತ್ತು. ಎರಡಕ್ಕೆ ಮುಂಚೆ ಕುಕ್ಕರ್ ಇಡುವ ಹಾಗಿಲ್ಲ, ಬಾವಿಯಷ್ಟು ಆಳದ ಗೊರಕೆಯೊಂದನ್ನು ಬಿಟ್ಟು ಬೇರೆ ಸದ್ದು ಏಳುವ ಹಾಗಿಲ್ಲ. ಹಾಲಿನವನು ಪಾತ್ರೆಯ ಮುಚ್ಚಳವನ್ನು ಸಹ ಬೆರಳಲ್ಲಿ ಹಿಡಿದು ಇಳಿಸುತ್ತಿದ್ದ. ನೆಂಟರಾಗಲಿ ನೆರೆಯವರಾಗಲಿ ಮಧ್ಯಾಹ್ನಕ್ಕೆ ಮುಂಚೆ ಆ ಬಾಗಿಲು ತಟ್ಟಿದ್ದಿಲ್ಲ. ಆ ಮನೆಗೆ ಬೆಳಗಾಗುತ್ತಿದ್ದದ್ದೇ ಎರಡು ಗಂಟೆಗೆ.

ಮಕ್ಕಳಿರಲಿಲ್ಲ. ಇದ್ದಿದ್ದರೆ ಅವಕ್ಕೂ ಮೆಲ್ಲಗೆ ಅಳುವುದನ್ನು ನೀನು ಕಲಿಸಿಬಿಡುತ್ತಿದ್ದೆ ಅಂತ ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು, ಮೆಲ್ಲಗೆ.

ಅವಳಿಗೆ ಹೊಲಿಗೆ ಬರುತ್ತಿತ್ತು, ಮನೆಯಲ್ಲಿ ಒಳ್ಳೆಯ ಮಷೀನೂ ಇತ್ತು. ಆದರೆ ಅದರ ಕಟಕಟ ಗೋಡೆ ದಾಟುತ್ತದೆ. ಹಾಗಾಗಿ ಬೀದಿ ಕೊನೆಯ ಟೈಲರ್ ಅಂಗಡಿಯಿಂದ ಕೈಕೆಲಸ ಮಾತ್ರ ತರುತ್ತಿದ್ದಳು. ಅಂಗಿಯ ಗುಂಡಿತೂತಿಗೆ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಕೈಯಲ್ಲೇ ಹೊಲಿಗೆ ಹಾಕುವುದು. ಸೂಜಿಗೆ ಬಾಯಿಲ್ಲ, ಅದೇ ಅನುಕೂಲ. ಮಷೀನು ಮೂಲೆಯಲ್ಲಿ ಮುಸುಕು ಹೊದ್ದು ನಿಂತಿತ್ತು.

ಕೋಳಿಮರಿಗಳನ್ನು ತಂದವನೂ ಅವನೇ. ಒಂದು ಬೆಳಗಿನ ಜಾವ ಬ್ರೆಡ್ಡಿನ ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಬಂದ. ಒಳಗೆ ಚಿಯಾಂ ಚಿಯಾಂ.

“ಏನ್ರೀ ಇದು? ನಿಮಗೆ ನಿದ್ದೆ ಬೇಡ್ವಾ?” ಅಂದಳು.

“ಹುಂಜ ಒಂದೂ ಇಲ್ಲ ಕಣೇ, ನೋಡಿಯೇ ತಂದಿದ್ದೀನಿ. ಹೆಣ್ಣು ಅಷ್ಟಾಗಿ ಕೂಗಲ್ಲ.”

“ಹೆಣ್ಣು ಕೂಗಲ್ಲ ಅಂತ ನಿಮಗೆ ಯಾರು ಹೇಳಿದ್ದು?”

“ಯಾರಾದ್ರೂ ಹೇಳ್ಬೇಕಾ? ನೀನು ಯಾವತ್ತಾದ್ರೂ ಕೂಗಿದ್ದೀಯಾ?” ಅಂತ ಅವಳ ಮೂಗಿನ ತುದಿಗೆ ಬೆರಳು ತಾಗಿಸಿದ. ಬೆರಳಲ್ಲಿ ಇನ್ನೂ ಹಿಟ್ಟಿತ್ತು. “ದಿನಾ ನೂರಾರು ಮೊಟ್ಟೆ ಒಡೀತೀನಿ, ಒಂದೂ ನಮ್ಮನೇದಲ್ಲ. ಇವು ದೊಡ್ಡವಾಗಲಿ. ಮೊದಲ್ನೇ ಮೊಟ್ಟೆ ನಿನಗೆ. ಆದ್ರೆ ಎರಡು ಗಂಟೆವರೆಗೂ ಇವುಗಳ ಬಾಯಿ ಮುಚ್ಚಿಸೋ ಜವಾಬ್ದಾರಿ ನಿಂದು.”

ಜವಾಬ್ದಾರಿ ಅಂದಮೇಲೆ ಮುಗಿಯಿತು. ಗೂಡು ಇಟ್ಟದ್ದು ಮಲಗುವ ಕೋಣೆಯ ಕಿಟಕಿಯ ಕೆಳಗೆ, ಹಿತ್ತಲಲ್ಲಿ ನೆರಳಿದ್ದ ಜಾಗ ಅದೊಂದೇ. ಅವಳು ಟೈಲರ್ ಅಂಗಡಿಯಿಂದ ದಪ್ಪನೆ ಕಪ್ಪು ಬಟ್ಟೆ ತಂದು, ಎರಡು ಪದರ ಮಾಡಿ, ಗೂಡಿನ ಅಳತೆಗೆ ಸರಿಯಾಗಿ ಒಂದು ಮುಸುಕು ಹೊಲಿದಳು. ನಾಲ್ಕೂ ಕಡೆ ಗುಂಡಿ, ನಾಲ್ಕೂ ಕಡೆ ಕಾಜಾ, ಒಂದು ಎಳೆ ಬೆಳಕು ನುಸುಳಿದರೆ ಕೇಳಿ. ಒಳಗೆ ಕತ್ತಲಿದ್ದರೆ ಕೋಳಿಗೆ ರಾತ್ರಿಯೇ. ಸಂಜೆ ಹೊದಿಸಿದರೆ ಮರುದಿನ ಎರಡು ಗಂಟೆಗೆ ತೆಗೆಯುವುದು. ತೆಗೆದೊಡನೆ ಐದೂ ತೂಕಡಿಸುತ್ತ, ಗಂಡನ ಹಾಗೆಯೇ ಮುಖ ಊದಿಸಿಕೊಂಡು ಹೊರಬರುತ್ತಿದ್ದವು.

ಮರಿಗಳಿಗೆ ಎರಡೂವರೆ ತಿಂಗಳಾದಾಗ ಅವನು ಹೋದ. ಪಾಳಿ ಮುಗಿಸಿ, ಭಟ್ಟಿ ಆರಿಸಿ, ಹಿಟ್ಟಿನ ಮೂಟೆಯ ಮೇಲೆ ಕುಳಿತವನು ಏಳಲೇ ಇಲ್ಲವಂತೆ. ಮನೆಗೆ ತಂದಾಗ ಬೆಳಗಿನ ಎಂಟು ಗಂಟೆ. ಅವನ ತಂಗಿ ಬಾಗಿಲಲ್ಲೇ ಬೊಬ್ಬೆಯಿಟ್ಟು ಅಳತೊಡಗಿದಾಗ ಮೆಲ್ಲಗಮ್ಮ ಓಡಿಹೋಗಿ ಅವಳ ಬಾಯಿ ಮುಚ್ಚಿ, “ಮೆಲ್ಲಗೆ... ಮೆಲ್ಲಗೆ...” ಅಂದಳು. ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ಪಾಪ, ದುಃಖಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂದುಕೊಂಡರು. ಅವಳು ತಾನು ಮಾತ್ರ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಒಂದು ಚೂರು ದನಿ ಹೊರಬರಲಿಲ್ಲ. ಅದೇ ಕೊನೆ, ಆಮೇಲೆ ಅಷ್ಟನ್ನೂ ಅಳಲಿಲ್ಲ.

ಆರು ತಿಂಗಳಾಗುತ್ತ ಬಂದಿತ್ತು. ವಿಚಿತ್ರವೆಂದರೆ, ದಿನದ ಬಹುಪಾಲು ಏನೂ ಬದಲಾಗಿರಲಿಲ್ಲ. ರಾತ್ರಿ ಅವಳು ಯಾವತ್ತೂ ಒಬ್ಬಳೇ. ಬೆಳಗಾದರೆ ಎದ್ದು ಹಾಸಿಗೆ ಸರಿಪಡಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಹೊರಬರುತ್ತಿದ್ದಳು. ಹಗಲು ಆ ಹಾಸಿಗೆ ಅವನದು. ಬರಿಗಾಲಲ್ಲಿ ಓಡಾಡಿ, ಅಡಿಗೆಮನೆಯಲ್ಲಿ ಚಮಚವನ್ನೂ ಬಟ್ಟೆಯ ಮೇಲಿಟ್ಟು, ಜಗಲಿಯಲ್ಲಿ ಕುಳಿತು ಕಾಜಾ ಹೊಲಿಯುತ್ತಿದ್ದಳು. ಬಾಗಿಲಾಚೆ ಅವನು ಮಲಗಿದ್ದಾನೆ ಅಂದುಕೊಳ್ಳುವುದು ಬೇಕಾಗಿಯೇ ಇರಲಿಲ್ಲ. ಮೈಗೆ ರೂಢಿಯಾಗಿತ್ತು, ಅದರ ಪಾಡಿಗೆ ಅದು ನಡೆಯುತ್ತಿತ್ತು. ಎರಡು ಗಂಟೆ ಹೊಡೆದಾಗ ಮಾತ್ರ ತಡೆಯಲಾಗುತ್ತಿರಲಿಲ್ಲ. ಯಾರೂ ಕೆಮ್ಮುವುದಿಲ್ಲ, ಬಾಗಿಲು ಕಿರ್ರೆನ್ನುವುದಿಲ್ಲ, ‘ಟೀ ಆಯ್ತೇನೇ’ ಅನ್ನುವುದಿಲ್ಲ. ಆಗ ಅವಳು ಗಡಬಡಿಸಿ ಹಿತ್ತಲಿಗೆ ಹೋಗಿ ಕೋಳಿಗಳ ಮುಸುಕು ತೆಗೆದುಬಿಡುತ್ತಿದ್ದಳು. ಆ ಹೊತ್ತಿಗೆ ಆ ಮನೆಯಲ್ಲಿ ಯಾರಾದರೂ ಎದ್ದೇಳಬೇಕಿತ್ತು, ಅಷ್ಟೆ.

ಪ್ರತಿ ಭಾನುವಾರ ಮೂರು ಗಂಟೆಗೆ ಅಕ್ಕನ ಫೋನು. ಅಕ್ಕನ ಗಂಟಲೋ, ಫೋನಿಲ್ಲದೆಯೂ ಮೂರು ಬೀದಿಗೆ ಕೇಳಿಸುವಂಥದ್ದು.

“ಜೋರಾಗಿ ಮಾತಾಡೇ! ಬಾವಿಯೊಳಗೆ ಕೂತಿದ್ದೀಯಾ?”

“ಕೇಳಿಸ್ತಿದೆಯಲ್ಲಕ್ಕಾ.”

“ನಿನ್ನ ತಲೆ. ಇಲ್ಲಿಗೆ ಬಂದುಬಿಡು ಅಂತ ಎಷ್ಟು ಸಲ ಬಾಯಿ ನೋಯಿಸ್ಕೊಳ್ಳಲಿ? ಕೋಣೆ ಖಾಲಿ ಇದೆ, ನಿಮ್ಮ ಭಾವನಿಗೂ ನೀನು ಬಂದ್ರೆ ಖುಷಿ. ಆ ಗೂಡಿನಂಥ ಮನೇಲಿ ಒಬ್ಬಳೇ ಏನು ಮಾಡ್ತೀಯ?”

“ಕೋಳಿ ಇವೆಯಲ್ಲ. ಇನ್ನೇನು ಮೊಟ್ಟೆ ಇಡೋ ಹೊತ್ತು. ಇಂಥಾ ಹೊತ್ತಲ್ಲಿ ಬಿಟ್ಟು ಹೇಗೆ ಬರ್ಲಿ?”

ಈ ನೆಪ ಮೂರು ತಿಂಗಳು ಚೆನ್ನಾಗಿಯೇ ಓಡಿತು. ನಾಲ್ಕನೆಯ ತಿಂಗಳು ಅಕ್ಕ ಪಟ್ಟು ಹಿಡಿದಳು. “ಇದೊಳ್ಳೆ ಕತೆಯಾಯ್ತಲ್ಲ! ಇನ್ನೇನು, ಇನ್ನೇನು ಅಂತಲೇ ಅಂತೀಯ. ನೋಡು, ಇನ್ನು ಆರು ವಾರಕ್ಕೆ ಮಕ್ಕಳಿಗೆ ರಜೆ. ಮೊದಲ್ನೇ ಭಾನುವಾರ ನಿನ್ನ ಸಾಮಾನಿಗೆ ಅಂತ ವ್ಯಾನ್ ಮಾಡ್ಕೊಂಡು ಬರ್ತೀವಿ. ಅಷ್ಟರೊಳಗೆ ಒಂದು ಮೊಟ್ಟೆ ತೋರಿಸಿದ್ರೆ ನಾನು ಬಾಯಿ ಮುಚ್ಕೋತೀನಿ, ಅಲ್ಲೇ ಇರು. ಇಲ್ಲಾಂದ್ರೆ ಕೋಳಿಗಳು ಮಾಂಸದಂಗಡಿಗೆ, ನೀನು ನಮ್ಮನೆಗೆ. ಸರೀನಾ?”

ಸರಿ ಅಂದುಬಿಟ್ಟಳು. ಬೇಡ ಅನ್ನಲು ಗಟ್ಟಿ ದನಿ ಬೇಕು. ಅಕ್ಕನ ಮನೆಯೇನು ಕೆಟ್ಟದ್ದಲ್ಲ, ಪ್ರೀತಿಗೆ ಬರವಿಲ್ಲ. ಆದರೆ ಅಲ್ಲಿ ಬೆಳಗಿನ ಆರಕ್ಕೇ ಟೀವಿ, ಮಿಕ್ಸರ್, ಮಕ್ಕಳ ಜಗಳ. ಅವನು ಮಲಗಿರಬಹುದಾದ ಒಂದು ಬಾಗಿಲೂ ಆ ಮನೆಯಲ್ಲಿಲ್ಲ.

ಶುರುವಾಯಿತು ನೋಡಿ ಉಪಚಾರ. ಟೈಲರ್ ಬಂದು ಬೆಳ್ಳುಳ್ಳಿ ಜಜ್ಜಿ ಹಾಕಿ ಅಂದ. ಹಾಕಿದಳು, ಕೋಳಿಗಳು ಮೂಸಿ ನೋಡಿ ಅವಳ ಮುಖ ನೋಡಿದವು. ಪಕ್ಕದ ಮನೆಯಾಕೆ ಗೂಡಿನಲ್ಲಿ ತೋರಿಕೆಗೆ ಏನಾದರೂ ಬೆಳ್ಳಗಿರುವುದನ್ನು ಇಡು, ನೋಡಿ ಕಲಿಯುತ್ತವೆ ಅಂದಳು. ದೊಡ್ಡ ಕೋಟಿನ ಗುಂಡಿಗಳ ಮೇಲೆ ಬಿಳಿ ಬಟ್ಟೆ ಸುತ್ತಿ, ಹತ್ತಿ ತುಂಬಿ, ಮೊಟ್ಟೆಯಂಥದ್ದೇ ಒಂದನ್ನು ಹೊಲಿದಿಟ್ಟಳು. ಬಿಸ್ಕತ್ತು ಅದನ್ನು ಕುಕ್ಕಿ ಕುಕ್ಕಿ ಹತ್ತಿ ಹೊರಗೆಳೆಯಿತು, ಮಿಕ್ಕವು ಪಾಲು ಹಂಚಿಕೊಂಡವು. ಮೊಟ್ಟೆಯ ಸಿಪ್ಪೆ ಪುಡಿಮಾಡಿ ಹಾಕಬೇಕು ಅಂತ ಇನ್ಯಾರೋ ಅಂದರು. ಸಿಪ್ಪೆಗೆ ಮೊಟ್ಟೆ ಬೇಕಲ್ಲ! ಅಂಗಡಿಗೆ ಹೋದಳು. “ಕೋಳಿ ಸಾಕಿರೋರು ನನ್ನ ಹತ್ರ ಮೊಟ್ಟೆ ಕೇಳ್ತಿದ್ದೀರಲ್ಲಮ್ಮ” ಅಂತ ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಬುದ್ಧಿ ಹೇಳಲು ಬಂದವರೆಲ್ಲ ಎರಡು ಗಂಟೆಯ ಮೇಲೆಯೇ ಬಂದರು, ಬಿಸಿಲಲ್ಲಿ ಆರಾಮಾಗಿ ಓಡಾಡುವ ಕೋಳಿಗಳನ್ನು ನೋಡಿದರು, ಕೈ ಚೆಲ್ಲಿ ಹೋದರು. ಅವಳ ಮನೆಗೆ ಬೆಳಿಗ್ಗೆ ಯಾರೂ ಬರುವುದಿಲ್ಲ ಅನ್ನುವುದನ್ನು ಬೀದಿ ಇನ್ನೂ ಮರೆತಿರಲಿಲ್ಲ.

ಹಾಗೆ ಒಂದು ವಾರ ಕಳೆದಿತ್ತು. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಹಿತ್ತಲ ಗೇಟು ದಡದಡನೆ ಸದ್ದಾಯಿತು. ಮೆಲ್ಲಗಮ್ಮ ಹೊಲಿಯುತ್ತಿದ್ದ ಅಂಗಿ ಬಿಸಾಡಿ ಓಡಿದಳು. ಹೊರಗೆ ಒಬ್ಬಳು ಹುಡುಗಿ, ಕೈಯಲ್ಲಿ ಬಿಲ್ಲು ಹೊಡೆಯುವ ಯಂತ್ರ.

“ಕರೆಂಟ್ ಮೀಟರ್ ನೋಡೋಕೆ ಬಂದೆ. ಬೆಲ್ ಕೆಟ್ಟಿದೆ ನಿಮ್ಮದು.”

“ಶ್... ಮೆಲ್ಲಗೆ. ಮೊದಲಿನವರು ಸಂಜೆ ಬರ್ತಿದ್ರಲ್ಲ?”

“ಅವರಿಗೆ ಬೇರೆ ಕಡೆ ಆಯ್ತು. ಈ ಕಡೆಗೆ ಈಗ ನಾನೇ,” ಅಂದಳು ಹುಡುಗಿ. ಮೀಟರ್ ನೋಡಿ, ಬಿಲ್ಲು ಹರಿದು ಕೊಡುತ್ತ ಗೂಡಿನ ಕಡೆ ತಿರುಗಿದಳು. ಕಪ್ಪು ಮುಸುಕಿನೊಳಗಿಂದ ಒಂದು ಸಣ್ಣ ‘ಕೊಕ್’ ಕೇಳಿಸಿತ್ತು. “ಇದರೊಳಗೆ ಕೋಳಿ ಇವೆಯಾ? ಇಷ್ಟು ಹೊತ್ತಾದ್ರೂ ತೆಗೆದಿಲ್ವಾ?”

“ಎರಡು ಗಂಟೆಗೆ ತೆಗೀತೀನಿ.”

“ಎರಡಕ್ಕಾ! ಮತ್ತೆ ಮೊಟ್ಟೆ ಇಡ್ತವಾ ಇವು?”

ಮೆಲ್ಲಗಮ್ಮ ಇಲ್ಲವೆಂದು ತಲೆಯಾಡಿಸಿದಳು.

“ಹೇಗೆ ಇಡ್ತವೆ ಹೇಳಿ? ನಮ್ಮಮ್ಮ ಮೂವತ್ತು ಕೋಳಿ ಸಾಕಿದ್ದಾಳೆ. ಕೋಳಿಗೆ ಕಾಳಿಗಿಂತ ಬೆಳಕು ಮುಖ್ಯ ಆಂಟಿ. ದಿನ ಉದ್ದ ಇದ್ರೆ ಮಾತ್ರ ಮೊಟ್ಟೆ ಕಟ್ಟೋದು. ನೀವು ನಾಲ್ಕು ಗಂಟೆ ಬೆಳಕು ಕೊಟ್ರೆ, ಅವಕ್ಕೆ ಇನ್ನೂ ಹೊತ್ತೇ ಹುಟ್ಟಿಲ್ಲ ಅನ್ಸುತ್ತೆ. ಅಲ್ಲ, ಬೆಳಿಗ್ಗೆ ಯಾಕೆ ಮುಚ್ಚಿಡ್ತೀರ?”

“ಸದ್ದು ಮಾಡ್ತವೆ. ಒಳಗೆ ಅವರು ಮಲಗಿ...”

“ಯಾರು?” ಅಂತ ಹುಡುಗಿ ಕಿಟಕಿಯ ಕಡೆ ನೋಡಿದಳು. ದನಿಯನ್ನೂ ತಗ್ಗಿಸಿದಳು, ಪಾಪ. “ಹುಷಾರಿಲ್ವಾ?”

ಮೆಲ್ಲಗಮ್ಮ ಕಿಟಕಿ ನೋಡಿದಳು, ಗೂಡು ನೋಡಿದಳು. ಯಾರು ಅಂತ ಹೇಳುವುದು? ಹುಡುಗಿ ಒಂದು ಗಳಿಗೆ ಕಾದು, ಮುಂದಿನ ಮನೆಗೆ ಹೋದಳು. ಮೆಲ್ಲಗಮ್ಮ ಬಿಲ್ಲು ಹಿಡಿದುಕೊಂಡು ಅಲ್ಲೇ, ಕಿಟಕಿಗೂ ಗೂಡಿಗೂ ನಡುವೆ ನಿಂತಳು. ಒಳಗಿನ ಕೋಳಿ ಇನ್ನೊಮ್ಮೆ ‘ಕೊಕ್’ ಅಂದು ಸುಮ್ಮನಾಯಿತು. ಬೆಳಗು ಅನ್ನುವುದನ್ನೇ ಕಾಣದೆ ಬೆಳೆದ ಕೋಳಿಗಳು. ಅವುಗಳ ಕಣ್ಣಿಗೆ ತಾನೇ ಬಟ್ಟೆ ಕಟ್ಟಿ, ಬೆಳ್ಳುಳ್ಳಿ ತಿನ್ನಿಸಿದ್ದಳಲ್ಲ! ನಗು ಬರಬೇಕಿತ್ತು. ಬರಲಿಲ್ಲ.

ಮುಸುಕು ತೆಗೆಯುವುದು ಎಷ್ಟು ಹೊತ್ತಿನ ಕೆಲಸ, ನಾಲ್ಕು ಗುಂಡಿ. ಮರುದಿನ ಬೆಳಿಗ್ಗೆ ಮೊದಲನೆಯ ಗುಂಡಿಗೆ ಕೈ ಹಾಕಿದಳು, ಬಿಚ್ಚಲಾಗಲಿಲ್ಲ. ಆ ಗುಂಡಿ ಬಿಚ್ಚಿದರೆ ಒಳಗೆ ಯಾರೂ ಮಲಗಿಲ್ಲ ಅಂತ ತಾನೇ ಸಾರಿದ ಹಾಗೆ. ಬಿಚ್ಚದಿದ್ದರೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದಿದ್ದರೆ ಈ ಮನೆಯೇ ಇಲ್ಲ, ಈ ಬಾಗಿಲೂ ಇಲ್ಲ. ಎತ್ತ ಹೋದರೂ ಅವನನ್ನು ಕಳೆದುಕೊಳ್ಳುವುದೇ. ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಮೀಟರ್ ಹುಡುಗಿಯ ಮೇಲೆ ಅಂದುಕೊಂಡಳು, ಸದ್ಯಕ್ಕೆ.

ಬಿಗಿಯಾದ ಹೊಲಿಗೆಯನ್ನು ಯಾರೂ ಎಳೆದು ಹರಿಯುವುದಿಲ್ಲ. ಒಂದೊಂದೇ ಎಳೆ ಬಿಡಿಸುತ್ತಾರೆ. ಅವಳೂ ಹಾಗೇ ಮಾಡಿದಳು. ಮಧ್ಯಾಹ್ನ ಕೋಣೆಯ ಬಾಗಿಲಿಗೆ ಬಾಯಿಟ್ಟು, “ಇವತ್ತು ಒಂದು ಗಂಟೆಗೇ ತೆಗೀತೀನ್ರೀ, ಬೈಬೇಡಿ” ಅಂದು ಹೋಗಿ ತೆಗೆದಳು. ಮರುದಿನ ಹನ್ನೆರಡಕ್ಕೆ. ಆಮೇಲೆ ಹನ್ನೊಂದಕ್ಕೆ. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕೇಳಿಕೊಂಡಳು. ಹತ್ತು, ಒಂಬತ್ತು, ಎಂಟು. ಎಂಟು ಗಂಟೆಯ ದಿನ ಎರಡೆರಡು ಸಲ ಕೇಳಿಕೊಂಡಳು, ಅವನನ್ನು ಮನೆಗೆ ತಂದ ಹೊತ್ತು ಅದು. ಒಂಬತ್ತನೆಯ ದಿನ ಬೆಳಕು ಹರಿಯುವಾಗಲೇ ನಾಲ್ಕೂ ಗುಂಡಿ ಬಿಚ್ಚಿ, ಮುಸುಕನ್ನು ಒಗೆದು, ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಕೋಳಿಗಳು ಹೊಸಿಲಲ್ಲೇ ನಿಂತು, ಎಳೆಬಿಸಿಲನ್ನು ಒಂದು ಕಣ್ಣಿನಿಂದ ನೋಡಿ, ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿದವು.

ಆಮೇಲಿನ ಮೂರು ವಾರ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಮಾಸಲಾಗಿದ್ದ ಜುಟ್ಟುಗಳು ಒಂದೊಂದಾಗಿ ಕೆಂಪೇರಿದವು. ಹತ್ತಿರ ಹೋದರೆ ರಸ್ಕು ರೆಕ್ಕೆ ಅರಳಿಸಿ ಕೂರತೊಡಗಿತು. ಮೊಟ್ಟೆ ಮಾತ್ರ ಇಲ್ಲ. ಕೊನೆಯ ಭಾನುವಾರದ ಫೋನಿನಲ್ಲಿ ಅಕ್ಕ, “ಬಟ್ಟೆಬರೆ ಕಟ್ಟಿದ್ದೀಯ ತಾನೇ? ಮುಂದಿನ ವಾರ ಈ ಹೊತ್ತಿಗೆ ಅಲ್ಲಿರ್ತೀವಿ” ಅಂದಳು. ಕಟ್ಟತೊಡಗಿದಳು. ಅವನ ಅಂಗಿಗಳನ್ನು ಮಡಚುವಾಗ ಒಂದರ ಗುಂಡಿ ಸಡಿಲವಾಗಿತ್ತು. ಕುಳಿತು ಬಿಗಿಯಾಗಿ ಹಚ್ಚಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲು. ಜಗಲಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಹಿತ್ತಲಲ್ಲಿ ಒಮ್ಮೆಲೇ ಕೂಗೆದ್ದಿತು. “ಕೊಕ್ ಕೊಕ್ ಕೊಕ್ ಕೊಕ್ಕೋಓಓ!” ಅಯ್ಯೋ ದೇವರೇ, ಅದೇನು ಗಂಟಲು! ಆ ಮನೆಯ ಗೋಡೆಗಳು ಇಪ್ಪತ್ತೆರಡು ವರ್ಷದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಅವಳು ಎದ್ದದ್ದೇ ತಿಳಿಯಲಿಲ್ಲ, ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿತ್ತಲಿಗೆ ಹಾರಿದ್ದಳು.

“ಶ್! ಶ್! ಮೆಲ್ಲಗೇ! ಅವರು ಎದ್ದುಬಿಡ್...”

ಮಾತು ಅಲ್ಲೇ ನಿಂತಿತು. ರಸ್ಕು ಕತ್ತು ನಿಮಿರಿಸಿ ಇನ್ನೂ ಜೋರಾಗಿ ಕೂಗಿತು. ಅದರ ಹಿಂದೆ, ಹುಲ್ಲಿನ ಮೇಲೆ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದೊಂದು ಮೊಟ್ಟೆ. ಕಂದು ಬಣ್ಣ, ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ರಕ್ತದ ಗೆರೆ. ಬನ್ನು, ಬ್ರೆಡ್ಡು, ಕೇಕು, ಬಿಸ್ಕತ್ತು ಎಲ್ಲವೂ ತಾವೇ ಇಟ್ಟವೇನೋ ಅನ್ನುವ ಹಾಗೆ ದನಿಗೂಡಿಸಿದವು. ಅವಳು ಕಿಟಕಿಯ ಕಡೆ ನೋಡಿದಳು. ಇಷ್ಟು ಗಲಾಟೆಗೂ ಒಳಗೆ ಯಾರೂ ಮಗ್ಗುಲಾಗಲಿಲ್ಲ. ಏನೇ ಅದು ಸದ್ದು ಅಂತ ಯಾರೂ ಗದರಿಸಲಿಲ್ಲ.

ಅವಳು ಮೊಟ್ಟೆಯನ್ನು ಎತ್ತಿಕೊಂಡಳು. ಬಿಸಿಯಾಗಿತ್ತು. ತುಟಿಯ ಮೇಲಿನ ಬೆರಳು ತಾನಾಗಿ ಇಳಿಯಿತು, ಒಳಗಿನಿಂದ ಒಂದು ದನಿ ಬಂತು. ಮೊದಲು ಅದು ತನ್ನದು ಅಂತಲೇ ಅವಳಿಗೆ ಗೊತ್ತಾಗಲಿಲ್ಲ. ಬಾಯಿಗೆ ತುರುಕಲು ಬಟ್ಟೆ ಸಿಗುವ ಮುಂಚೆಯೇ ಅದು ಹೊರಗಿತ್ತು. ಬೊಬ್ಬೆಯಿಟ್ಟು ಅತ್ತಳು, ಕೋಳಿಗಳನ್ನೂ ಮೀರಿಸಿ ಅತ್ತಳು. ಪಕ್ಕದ ಮನೆಯಾಕೆ ಕೈಯಲ್ಲಿ ಪೊರಕೆ ಹಿಡಿದೇ ಗೋಡೆಯಾಚೆಯಿಂದ ಇಣುಕಿದಳು.

“ಏನಾಯ್ತೇ ಮೆಲ್ಲಗಮ್ಮ? ಏನಾಯ್ತು?”

“ಮೊಟ್ಟೆ ಇಟ್ಟಿದೆ!” ಅಂತ ಅವಳು ಕಿರುಚಿದಳು. “ನನಗೆ ಅಂದಿದ್ರು, ಮೊದಲ್ನೇದು ನನಗೆ ಅಂದಿದ್ರು...”

ಪಕ್ಕದ ಮನೆಯಾಕೆ ನಗಲು ಹೊರಟವಳು ನಗಲಿಲ್ಲ. ಪೊರಕೆ ಕೆಳಗಿಟ್ಟು ಗೋಡೆಯ ಮೇಲಿಂದ ಕೈ ಚಾಚಿ ಅವಳ ಭುಜ ಹಿಡಿದುಕೊಂಡಳು. ಅಳು ಮುಗಿಯಲು ಬಹಳ ಹೊತ್ತು ಹಿಡಿಯಿತು.

ಮುಖ ತೊಳೆದು ಒಳಗೆ ಬಂದಳು. ಮನೆ ಮೊದಲಿಗಿಂತ ಖಾಲಿಯಾಗಿತ್ತು, ಬೆಳಗಿನ ಹೊತ್ತಿನಲ್ಲೇ ಖಾಲಿಯಾಗಿತ್ತು. ಕೋಣೆಯ ಬಾಗಿಲು ದೂಡಿ, ಅವನ ಹಗಲು ನಿದ್ದೆಗೆಂದು ಕಿಟಕಿಗೆ ಹಾಕಿದ್ದ ಕಪ್ಪು ಬಟ್ಟೆ ಸರಿಸಿದಳು. ಹಾಸಿಗೆಯ ಮೇಲೆ ಬಿಸಿಲು ಬಿತ್ತು. ಅಲ್ಲೇ ಅಂಚಿನಲ್ಲಿ ಕುಳಿತು ಅಕ್ಕನಿಗೆ ಫೋನು ಮಾಡಿದಳು.

“ಅಕ್ಕಾ, ಮೊಟ್ಟೆ ಬಂತು.”

“ಯಾರಮ್ಮ ಮಾತಾಡೋದು?” ಅಂದಳು ಅಕ್ಕ.

“ನಾನೇ ಅಕ್ಕಾ.”

ಅಕ್ಕ, ಜನ್ಮದಲ್ಲಿ ಮೊದಲ ಸಲ, ಮೆಲ್ಲಗೆ ಮಾತಾಡಿದಳು. “ನಿನ್ನ ಗಂಟಲು ಹೀಗಿತ್ತು ಅನ್ನೋದೇ ಮರೆತುಹೋಗಿತ್ತು ಕಣೇ. ಅತ್ತಿದ್ದೀಯಾ?”

“ಹೂಂ.”

“ಒಬ್ಬಳೇ ಇರ್ತೀಯಾ ಅಲ್ಲಿ?”

“ಒಬ್ಬಳೇ ಅಕ್ಕಾ. ಇಲ್ಲಿ ಯಾರೂ ಮಲಗಿಲ್ಲ,” ಅಂದಳು. ಹೇಳಿದ ಮೇಲೆ ಉಸಿರೆಳೆದುಕೊಂಡಳು. “ಭಾನುವಾರ ವ್ಯಾನ್ ಬೇಡ, ಬಸ್ಸಲ್ಲಿ ಬನ್ನಿ. ಮಕ್ಕಳನ್ನೂ ಕರ್ಕೊಂಡು ಬಾ.”

“ಆಯ್ತು. ಮೂರು ಗಂಟೆ ಹೊತ್ತಿಗೆ ಬಂದುಬಿಡ್ತೀವಿ.”

“ಮೂರು ಗಂಟೆಗೆ ಬೇಡ. ಬೆಳಿಗ್ಗೇನೇ ಬನ್ನಿ,” ಅಂದಳು.